ಮನೆ ಬಿಟ್ಟವಳು ಆ ರಾತ್ರಿ ಎಲ್ಲಿ ಉಳಿಯುತ್ತಾಳೆ?

ಕನ್ನಡದಲ್ಲಿ ಹೆಂಗಸರು ಬರೆದ, ಹೆಂಗಸರೇ ಹೆಚ್ಚಾಗಿ ಓದಿದ ಕಾದಂಬರಿಗಳನ್ನು ಪ್ರೇಮಕಥೆಗಳ ಸಾಲಿಗೆ ಸೇರಿಸಿಬಿಡುವುದು ರೂಢಿ. ವಾರಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದು, ಬಾಡಿಗೆ ಲೈಬ್ರರಿಗಳಲ್ಲಿ ರಟ್ಟು ಕಿತ್ತುಹೋಗುವಷ್ಟು ಕೈ ಬದಲಾಯಿಸಿ, ಎಷ್ಟೋ ಸಲ ಸಿನಿಮಾವೂ ಆದ ಈ ಕಥೆಗಳಲ್ಲಿ ಪ್ರೀತಿ ಬೇಕಾದಷ್ಟಿದೆ, ನಿಜ. ಆದರೆ ತ್ರಿವೇಣಿಯವರಿಂದ ಬಾನು ಮುಷ್ತಾಕ್‌ವರೆಗಿನ ಬರಹವನ್ನು ಒಂದರ ಬೆನ್ನಿಗೆ ಒಂದರಂತೆ ಓದುತ್ತಾ ಹೋದರೆ ಬೇರೊಂದು ವಿಷಯ ಕಣ್ಣಿಗೆ ಬೀಳುತ್ತದೆ. ನಾಯಕಿ ಯಾರನ್ನು ಮೆಚ್ಚುತ್ತಾಳೆ ಎಂಬ ಕುತೂಹಲಕ್ಕಿಂತ ದೊಡ್ಡದಾದ ಒಂದು ಆತಂಕ ಈ ಕಥೆಗಳನ್ನು ಮುಂದಕ್ಕೆ ತಳ್ಳುತ್ತಿರುತ್ತದೆ. ಗಂಡ ಸತ್ತರೆ, ಗಂಡ ಇನ್ನೊಬ್ಬಳ ಹಿಂದೆ ಹೋದರೆ, ಸಂಬಂಧ ಮುರಿದುಬಿದ್ದರೆ ಅವಳು ಹೋಗುವುದೆಲ್ಲಿಗೆ? ಹೊಸ ಬದುಕಿನ ಕನಸು, ಎರಡನೆಯ ಪ್ರೀತಿ, ಸ್ವಾಭಿಮಾನ ಎಲ್ಲವೂ ಆಮೇಲಿನ ಮಾತು. ಮೊದಲು ಒಂದು ಸೂರು ಬೇಕು. ಆ ಸೂರು ಬಹುಪಾಲು ಕಥೆಗಳಲ್ಲಿ ತವರುಮನೆ. ತವರಿನ ಬಾಗಿಲು ತೆರೆಯಿತೇ, ತೆರೆದರೆ ಯಾವ ಷರತ್ತಿನ ಮೇಲೆ ಎಂಬುದೇ ನಮ್ಮ ಮಹಿಳಾ ಕಥನದ ನಿಜವಾದ ತಿರುಳು ಎಂಬುದು ಈ ಲೇಖನದ ವಾದ.

ಈ ಮಾತಿಗೆ ಮೊದಲ ಸಾಕ್ಷಿ ಒಂದು ಕಾದಂಬರಿಗಿಂತ ಹೆಚ್ಚಾಗಿ ಒಬ್ಬ ಕಾದಂಬರಿಗಾರ್ತಿಯ ಬದುಕು. ನಂಜನಗೂಡು ತಿರುಮಲಾಂಬ ಹುಟ್ಟಿದ್ದು 1887ರಲ್ಲಿ. ಬಾಲ್ಯದಲ್ಲೇ ಮದುವೆ, ಹದಿಹರೆಯದಲ್ಲೇ ವೈಧವ್ಯ. ಆ ಕಾಲದ ಬ್ರಾಹ್ಮಣ ಕುಟುಂಬದಲ್ಲಿ ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯದೇ ಇದ್ದದ್ದು ತಂದೆ ಮಗಳ ಓದಿಗೆ ಒತ್ತಾಸೆಯಾಗಿ ನಿಂತದ್ದರಿಂದ. ತವರಿನಲ್ಲಿ ಕುಳಿತು ಓದಿದ ಆಕೆ 1913ರಲ್ಲಿ 'ಸತೀ ಹಿತೈಷಿಣೀ' ಎಂಬ ಗ್ರಂಥಮಾಲೆ ಶುರುಮಾಡಿದರು, 'ಸುಶೀಲೆ' ಎಂಬ ಕಾದಂಬರಿ ಪ್ರಕಟಿಸಿದರು, ಮುಂದೆ 'ಕರ್ಣಾಟಕ ನಂದಿನೀ' ಪತ್ರಿಕೆ ನಡೆಸಿದರು. ಲೇಖಕಿ, ಪ್ರಕಾಶಕಿ, ಸಂಪಾದಕಿ ಮೂರೂ ಅವರೇ. ವಿಚಿತ್ರವೆಂದರೆ ಅವರ ಕಥಾನಾಯಕಿಯರಿಗೆ ಈ ಭಾಗ್ಯವಿಲ್ಲ. ಅವರು ಪತಿಭಕ್ತಿಯಲ್ಲಿ, ತಾಳ್ಮೆಯಲ್ಲಿ ಬದುಕಿನ ಅರ್ಥ ಕಾಣುವವರು. ಸ್ವತಃ ಹೊಸ ಹಾದಿ ತುಳಿದವರು ತಮ್ಮ ನಾಯಕಿಗೆ ಹಳೆಯ ಹಾದಿಯನ್ನೇ ತೋರಿಸಿದರಲ್ಲ ಎಂದು ಅವರನ್ನು ದೂರಿದವರಿದ್ದಾರೆ. ನನಗೆ ಈ ದೂರು ಅಷ್ಟು ನ್ಯಾಯವೆನಿಸುವುದಿಲ್ಲ. ಅಂಥ ತಂದೆ ಎಲ್ಲರಿಗೂ ಸಿಗುವುದಿಲ್ಲವೆಂದು ಅವರಿಗಿಂತ ಚೆನ್ನಾಗಿ ಬಲ್ಲವರು ಯಾರು? ತವರು ಕೈಹಿಡಿಯದ ಹುಡುಗಿಗೆ ಗಂಡನ ಮನೆಯಲ್ಲಿ ಕಾಲೂರಿ ನಿಲ್ಲುವ ಉಪಾಯ ಹೇಳಿಕೊಡುವುದು ಆಗಿನ ಲೆಕ್ಕದಲ್ಲಿ ವ್ಯವಹಾರಜ್ಞಾನವೇ ಆಗಿತ್ತು.

ಅರ್ಧ ಶತಮಾನದ ಆಚೆಗೆ ಬಂದರೆ ತ್ರಿವೇಣಿ. 1928ರಲ್ಲಿ ಹುಟ್ಟಿ 1963ರಲ್ಲಿ ತೀರಿಕೊಂಡಾಗ ಅವರಿಗೆ ಮೂವತ್ತೈದು ವರ್ಷವೂ ತುಂಬಿರಲಿಲ್ಲ. ಬರೆದ ಕಾದಂಬರಿಗಳು ಇಪ್ಪತ್ತರಷ್ಟು. ಮನಶ್ಶಾಸ್ತ್ರ ಓದಿದವರಾದ್ದರಿಂದ ಅವರನ್ನು ಮನೋವೈಜ್ಞಾನಿಕ ಕಾದಂಬರಿಗಾರ್ತಿ ಎಂದೇ ಗುರುತಿಸುತ್ತೇವೆ. ಆ ಗುರುತು ಸರಿಯೇ. ಆದರೆ 'ಶರಪಂಜರ'ವನ್ನು ಮನೆಯ ಕಥೆಯಾಗಿಯೂ ಒಮ್ಮೆ ಓದಬೇಕು. ಕಾವೇರಿ ಬಾಣಂತನದ ಹೊತ್ತಿನಲ್ಲಿ ಮನಸ್ಸಿನ ಸಮತೋಲ ಕಳೆದುಕೊಂಡು ಆಸ್ಪತ್ರೆ ಸೇರುತ್ತಾಳೆ, ಗುಣವಾಗುತ್ತಾಳೆ, ಮನೆಗೆ ಮರಳುತ್ತಾಳೆ. ಅವಳ ಪಾಲಿಗೆ ಹೊಸ ಬದುಕೆಂದರೆ ಹಳೆಯ ಬದುಕೇ ಮರಳಿ ಸಿಗುವುದು. ಮನೆ ಅವಳನ್ನು ಒಳಗೆ ಬಿಟ್ಟುಕೊಳ್ಳುತ್ತದೆ, ಜಾಗ ಕೊಡುವುದಿಲ್ಲ. ಮಾತೆತ್ತಿದರೆ ಹುಚ್ಚು, ಸಿಟ್ಟು ಮಾಡಿದರೆ ಹುಚ್ಚು, ಅತ್ತರೂ ಹುಚ್ಚು. ಗಂಡನ ಮನಸ್ಸು ಬೇರೆಡೆ ಹೋಗಿದೆ. ಅವಳಿಗೆ ಹೋಗಲು ಇನ್ನೊಂದು ಮನೆ ಇದ್ದಿದ್ದರೆ, ನಾಲ್ಕು ತಿಂಗಳು ನೆಮ್ಮದಿಯಾಗಿ ಉಸಿರಾಡಲು ಒಂದು ಕೋಣೆ ಇದ್ದಿದ್ದರೆ, ಮತ್ತೆ ಆಸ್ಪತ್ರೆಯ ದಾರಿ ಹಿಡಿಯಬೇಕಾಗುತ್ತಿತ್ತೇ? ಪುಟ್ಟಣ್ಣ ಕಣಗಾಲ್ 1971ರಲ್ಲಿ ಈ ಕಾದಂಬರಿಯನ್ನು ಸಿನಿಮಾ ಮಾಡಿದಾಗ ಕಲ್ಪನಾ ಅವರ ಅಭಿನಯ ಎಲ್ಲರ ಬಾಯಲ್ಲೂ ಇತ್ತು. ಆ ಅಬ್ಬರದಲ್ಲಿ ಈ ಸಣ್ಣ ಪ್ರಶ್ನೆ ಕೇಳಿಸದೇ ಹೋಯಿತೇನೋ.

ತ್ರಿವೇಣಿಯವರದೇ 'ಬೆಳ್ಳಿಮೋಡ' ಇನ್ನೂ ನೇರ. 1967ರ ಸಿನಿಮಾದಲ್ಲಿ ಇಂದಿರೆ ಎಸ್ಟೇಟ್ ಒಡೆಯರ ಒಬ್ಬಳೇ ಮಗಳು; ಅವಳ ಕೈಹಿಡಿಯಬೇಕಾದ ಮೋಹನ ಅವಳ ತಂದೆಯ ದುಡ್ಡಿನಲ್ಲಿ ವಿದೇಶಕ್ಕೆ ಓದಲು ಹೋದವನು. ಅಷ್ಟರಲ್ಲಿ ಆ ಮನೆಯಲ್ಲಿ ಗಂಡುಮಗು ಹುಟ್ಟುತ್ತದೆ. ಆಸ್ತಿಗೆ ವಾರಸುದಾರ ಬಂದನೆಂದು ತಿಳಿದ ಕ್ಷಣಕ್ಕೆ ಮೋಹನನ ಪ್ರೀತಿ ತಣ್ಣಗಾಗುತ್ತದೆ. ಒಂದು ತೊಟ್ಟಿಲು ತೂಗಿದ್ದಕ್ಕೆ ಒಂದು ಮದುವೆ ಮುರಿದುಬೀಳುತ್ತದೆ. ಮುಂದೆ ಅವನಿಗೆ ಬುದ್ಧಿ ಬಂದು ಕೈಚಾಚಿದಾಗ ಅವಳು ಒಲ್ಲೆ ಎನ್ನುತ್ತಾಳೆ. ಅವಳ ಆ ನಿರಾಕರಣೆಯನ್ನು ಆತ್ಮಗೌರವದ ಘೋಷಣೆ ಎಂದು ಹೊಗಳಿದವರು ಬಹಳ. ಹೊಗಳಬೇಕಾದದ್ದೇ. ಆದರೆ ಇಂದಿರೆಗೆ ಒಲ್ಲೆ ಎನ್ನುವ ಶಕ್ತಿ ಬಂದದ್ದು ಕಾಲ ಕೆಳಗೆ ತನ್ನ ತಂದೆಯ ನೆಲ ಇದ್ದದ್ದರಿಂದ. ಅವಳು ನಿಂತ ಜಾಗದಿಂದ ಅವಳನ್ನು ಏಳು ಅನ್ನುವವರು ಯಾರೂ ಇರಲಿಲ್ಲ. 'ಹಣ್ಣೆಲೆ ಚಿಗುರಿದಾಗ' ಸಿನಿಮಾದಲ್ಲಿ ವಿಧವೆ ಮಗಳ ಮರುಮದುವೆ ನಿಂತಿರುವುದೂ ಹೀಗೆಯೇ, ಹುಡುಗ ಒಪ್ಪಿದ್ದಾನೋ ಇಲ್ಲವೋ ಎಂಬುದಕ್ಕಿಂತ ಹಠಮಾರಿ ತಂದೆ ಒಪ್ಪುತ್ತಾರೋ ಇಲ್ಲವೋ ಎಂಬುದರ ಮೇಲೆ.

ತವರು ಕೈಹಿಡಿದರೂ ಪುಕ್ಕಟೆಯಾಗಿ ಹಿಡಿಯುವುದಿಲ್ಲ. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' 1976ರಲ್ಲಿ ಬಂತು. ಅವರ ಬಂಧುವರ್ಗದಲ್ಲೇ ಬದುಕಿದ್ದ ಹಿರಿಯ ಹೆಂಗಸೊಬ್ಬರ ಕಥೆ ಅದು. 1983ರಲ್ಲಿ ಪ್ರೇಮಾ ಕಾರಂತರು ಅದನ್ನು ತೆರೆಗೆ ತಂದರು. ಮದುವೆಯೆಂದರೇನೆಂದು ತಿಳಿಯುವ ಮೊದಲೇ ವಿಧವೆಯಾದ ಫಣಿಯಮ್ಮ ಜೀವಮಾನವಿಡೀ ತವರಿನಲ್ಲೇ ಇರುತ್ತಾಳೆ. ಯಾರೂ ಅವಳನ್ನು ಹೊರಗಟ್ಟುವುದಿಲ್ಲ, ಬೈಯುವುದೂ ಇಲ್ಲ. ಒಂದು ಹೊತ್ತಿನ ಊಟ, ಮಡಿ, ಮನೆತುಂಬ ಕೆಲಸ, ಯಾರದೋ ಬಾಣಂತನ, ಯಾರದೋ ಮಗುವಿನ ಆರೈಕೆ. ಆ ಮನೆ ಅವಳಿಂದ ನಡೆಯುತ್ತದೆ, ಆದರೆ ಆ ಮನೆಯಲ್ಲಿ ಅವಳದ್ದೆಂದು ಹೇಳಿಕೊಳ್ಳುವ ವಸ್ತು ಒಂದೂ ಇಲ್ಲ. ಕಾದಂಬರಿಯ ಅತ್ಯಂತ ಗಟ್ಟಿ ಭಾಗ ಬರುವುದು ಮುಂದಿನ ತಲೆಮಾರಿನ ದಾಕ್ಷಾಯಣಿ ತಲೆ ಬೋಳಿಸಿಕೊಳ್ಳಲು ಒಲ್ಲೆನೆಂದಾಗ. ಆಗ ಆ ಹುಡುಗಿಯ ಪರವಾಗಿ ನಿಲ್ಲುವವಳು ಇಡೀ ಬದುಕನ್ನು ಕಟ್ಟಳೆಯಲ್ಲೇ ಸವೆಸಿದ ಫಣಿಯಮ್ಮ. ಅವಳಿಗೆ ತವರಿನ ಆಶ್ರಯದ ಬೆಲೆ ಎಷ್ಟೆಂದು ಪೈಸೆ ಲೆಕ್ಕದಲ್ಲಿ ಗೊತ್ತು. ವೈದೇಹಿಯವರ ಕಥೆಗಳಲ್ಲಿ ಬರುವ ಅಕ್ಕುವಿನಂಥವರೂ ಇದೇ ಬೆಲೆ ತೆರುವವರು: ಗಂಡನಿಲ್ಲದೆ ತವರಿನಲ್ಲಿ ಉಳಿದು, ಮನೆಯವರ ಕಣ್ಣಿನಲ್ಲಿ ಅರೆಹುಚ್ಚಿಯಾಗಿ, ಒಳಗೂ ಸಲ್ಲದೆ ಹೊರಗೂ ಸಲ್ಲದೆ ಇರುವವರು.

ಸಾಹಿತ್ಯದಲ್ಲಿ ಕಾಣುವ ಈ ಚಿತ್ರಕ್ಕೆ ಕಾನೂನಿನ ಪುಸ್ತಕದಲ್ಲೂ ಒಂದು ಜೋಡಿ ಸಾಕ್ಷಿ ಇದೆ. ಮೈಸೂರು ಸಂಸ್ಥಾನ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿನ ಕಾಯ್ದೆ ತಂದು ಕುಟುಂಬದ ಆಸ್ತಿಯಲ್ಲಿ ವಿಧವೆಯರಿಗೆ, ಮದುವೆಯಾಗದ ಹೆಣ್ಣುಮಕ್ಕಳಿಗೆ ಒಂದಿಷ್ಟು ಪಾಲು ಕೊಟ್ಟಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಹಕ್ಕು ಕೊಟ್ಟಿತು. ಆದರೆ ಅದರ 23ನೆಯ ಕಲಮಿನಲ್ಲಿ ಒಂದು ಕೊಕ್ಕೆ ಇತ್ತು. ಕುಟುಂಬ ವಾಸವಾಗಿರುವ ಮನೆಯನ್ನು ಪಾಲು ಮಾಡಿಕೊಡಿ ಎಂದು ಮಗಳು ಕೇಳುವಂತಿರಲಿಲ್ಲ. ಗಂಡುಮಕ್ಕಳು ತಾವಾಗಿ ಹಂಚಿಕೊಳ್ಳಲು ಹೊರಟರೆ ಮಾತ್ರ ಅವಳ ಪಾಲು. ಅಲ್ಲಿಯವರೆಗೆ ಆ ಮನೆಯಲ್ಲಿ ವಾಸಿಸುವ ಹಕ್ಕಾದರೂ ಉಂಟೇ ಅಂದರೆ, ಮದುವೆಯಾಗದವಳಿಗೆ, ಗಂಡ ಬಿಟ್ಟವಳಿಗೆ, ಗಂಡನಿಂದ ಬೇರೆಯಾದವಳಿಗೆ, ವಿಧವೆಗೆ ಮಾತ್ರ ಉಂಟು. ಹೆಣ್ಣುಮಗಳೊಬ್ಬಳ ಬದುಕು ಕೆಟ್ಟಾಗಲಷ್ಟೇ ತವರು ಅವಳದ್ದು, ಅದೂ ಇರುವುದಕ್ಕೆ ಮಾತ್ರ, ಹಂಚಿಕೊಳ್ಳುವುದಕ್ಕಲ್ಲ ಎಂದು ದೇಶದ ಸಂಸತ್ತೇ ಬರೆದಿಟ್ಟಿತ್ತು. ತ್ರಿವೇಣಿ, ಇಂದಿರಾ, ವಾಣಿ, ಅನುಪಮಾ ನಿರಂಜನ ಇವರೆಲ್ಲ ಹೆಚ್ಚಾಗಿ ಬರೆದದ್ದು ಈ ಕಲಮು ಜಾರಿಯಲ್ಲಿದ್ದ ಕಾಲದಲ್ಲಿ. ಅವರ ನಾಯಕಿಯರು ತವರಿಗೆ ಬಂದಾಗ ಅತ್ತಿಗೆಯ ಮುಖ ನೋಡಿ ಕಾಲು ಒಳಗಿಡುವುದು ಬರಿಯ ಸೂಕ್ಷ್ಮ ಸ್ವಭಾವದಿಂದ ಎಂದುಕೊಂಡರೆ ನಾವು ಅರ್ಧ ಕಥೆಯನ್ನಷ್ಟೇ ಓದಿದ ಹಾಗೆ. ಆ ಕಲಮು ರದ್ದಾದದ್ದು 2005ರಲ್ಲಿ.

ಪ್ರೀತಿ ಇದ್ದರೂ ಸೂರು ಇಲ್ಲದಿದ್ದರೆ ಏನಾಗುತ್ತದೆಂದು ತಿಳಿಯಲು ಕರಾವಳಿಗೆ ಬರಬೇಕು. ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ಎಂಬತ್ತರ ದಶಕದ ಆರಂಭದಲ್ಲಿ 'ಲಂಕೇಶ್ ಪತ್ರಿಕೆ'ಯಲ್ಲಿ ಧಾರಾವಾಹಿಯಾಗಿ ಬಂತು. ನಾದಿರಾ ಮತ್ತು ರಶೀದ್ ಒಬ್ಬರನ್ನೊಬ್ಬರು ಒಪ್ಪಿಕೊಂಡ ಗಂಡ ಹೆಂಡತಿ. ಅವರ ನಡುವೆ ಜಗಳವಿಲ್ಲ. ಜಗಳ ಇರುವುದು ಮಾವ ಅಳಿಯನ ನಡುವೆ, ದುಡ್ಡಿನ ವಿಚಾರಕ್ಕೆ. ತಂದೆ ಮಗಳನ್ನು ತವರಿಗೆ ಕರೆತರುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ, ತಲಾಖ್ ಕೊಡಿಸುತ್ತಾನೆ. ಬೇರೆ ಕಥೆಗಳಲ್ಲಿ ತವರು ಮುಚ್ಚಿಕೊಂಡು ಹೆಣ್ಣನ್ನು ಕೊಲ್ಲುತ್ತದೆ. ಇಲ್ಲಿ ತೆರೆದುಕೊಂಡು ಕೊಲ್ಲುತ್ತದೆ. ಮುಂದೆ ತಂದೆಗೆ ಪಶ್ಚಾತ್ತಾಪವಾದರೂ ನಾದಿರಾ ಗಂಡನ ಬಳಿ ಮರಳಬೇಕಾದರೆ ನಡುವೆ ಇನ್ನೊಬ್ಬನನ್ನು ಮದುವೆಯಾಗಿ ಬಿಡುಗಡೆ ಪಡೆಯಬೇಕೆಂಬ ಕಟ್ಟಳೆ ಅಡ್ಡ ಬರುತ್ತದೆ. ಅವಳು ಮಸೀದಿಯ ಕೆರೆಗೆ ಬೀಳುತ್ತಾಳೆ. ಹಳೆಯ ಗಂಡನೊಂದಿಗೇ ಹೊಸದಾಗಿ ಬದುಕು ಶುರುಮಾಡುವುದಷ್ಟೇ ಅವಳು ಕೇಳಿದ್ದು. ಈ ಕಾದಂಬರಿಯನ್ನು ಮತದ ಕಟ್ಟಳೆಯ ವಿಮರ್ಶೆಯಾಗಿ ಓದುವವರೇ ಹೆಚ್ಚು. ಕಟ್ಟಳೆ ಕೊನೆಯ ಹೊಡೆತ ಕೊಡುತ್ತದೆಂಬುದು ನಿಜ. ಆದರೆ ಮೊದಲ ಹೊಡೆತ ಕೊಟ್ಟವನು ಮಗಳ ಮೇಲೆ ತನಗೆ ಪೂರ್ತಿ ಅಧಿಕಾರವಿದೆಯೆಂದು ನಂಬಿದ ತಂದೆ. ಅಂಥ ತಂದೆಯರಿಗೆ ಯಾವ ಮತದ ಹಂಗೂ ಇಲ್ಲ.

ಬಾನು ಮುಷ್ತಾಕ್ ಅವರ 'ಎದೆಯ ಹಣತೆ' ಈ ವಿಷಯದಲ್ಲಿ ನಾನು ಬಲ್ಲ ಅತ್ಯಂತ ನಿಷ್ಠುರ ಕಥೆ. ಅದರ ಹೆಸರನ್ನೇ ಹೊತ್ತ, ದೀಪಾ ಭಾಸ್ತಿಯವರು ಇಂಗ್ಲಿಷಿಗೆ ತಂದ ಹನ್ನೆರಡು ಕಥೆಗಳ ಸಂಕಲನಕ್ಕೆ 2025ರ ಮೇ ತಿಂಗಳಲ್ಲಿ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಮೆಹರುನ್ ಎಳೆಗೂಸನ್ನು ಎತ್ತಿಕೊಂಡು ಹೇಳದೆ ಕೇಳದೆ ತವರಿಗೆ ಬಂದಿದ್ದಾಳೆ. ಅವಳನ್ನು ಕಂಡದ್ದೇ ತುಂಬಿದ ಮನೆಯ ಮಾತು ನಿಂತುಹೋಗುತ್ತದೆ. ಗಂಡ ಇನ್ನೊಬ್ಬಳ ಸಂಗ ಮಾಡಿದ್ದಾನೆ ಎಂಬುದು ಇಲ್ಲಿ ಯಾರಿಗೂ ಹೊಸ ಸುದ್ದಿಯಲ್ಲ. ಅಣ್ಣಂದಿರಿಗೆ ಅಳುಕಿರುವುದು ಅವಳ ದುಃಖದ ಬಗ್ಗೆ ಅಲ್ಲ, ಅವಳ ಬರವಿನ ಬಗ್ಗೆ. ಮರ್ಯಾದೆ, ಉಳಿದ ಮಕ್ಕಳ ಮದುವೆ, ಜನ ಏನಂದಾರು ಎಂಬ ಮಾತುಗಳು ಬರುತ್ತವೆ; ಸತ್ತಿದ್ದರೂ ಇದಕ್ಕಿಂತ ವಾಸಿಯಿತ್ತು ಎಂಬ ಧಾಟಿಯ ಮಾತೂ ಬರುತ್ತದೆ. ಅವಳನ್ನು ಅಂದೇ ಕಾರಿನಲ್ಲಿ ಕೂರಿಸಿಕೊಂಡು ಗಂಡನ ಮನೆಗೆ ಬಿಟ್ಟುಬರುತ್ತಾರೆ. ಆ ರಾತ್ರಿ ಅವಳ ಕೈಗೆ ಸೀಮೆಎಣ್ಣೆ ಬರುತ್ತದೆ. ಹಿರಿಯ ಮಗಳು ಸಲ್ಮಾ ಕೂಸನ್ನು ತಂದು ಕಾಲು ಹಿಡಿಯದಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಬಾನು ವಕೀಲೆಯೂ ಹೌದು. ಅವರ ಕಥೆಯಲ್ಲಿ ಬರುವ ಹಗಲಿನ ದೃಶ್ಯಕ್ಕೂ ರಾತ್ರಿಯ ದೃಶ್ಯಕ್ಕೂ ನಡುವಿನ ಸಂಬಂಧ ಕೋರ್ಟಿನಲ್ಲಿ ಸಾಕ್ಷಿ ಜೋಡಿಸಿದಷ್ಟು ಬಿಗಿ. ಗಂಡನ ದ್ರೋಹ ಅವಳನ್ನು ತವರಿನವರೆಗೆ ನಡೆಸುತ್ತದೆ. ಸೀಮೆಎಣ್ಣೆಯವರೆಗೆ ನಡೆಸುವುದು ತವರು. ಮುಸ್ಲಿಂ ಹೆಣ್ಣುಮಗಳಿಗೆ ತಂದೆಯ ಆಸ್ತಿಯಲ್ಲಿ ಮಗನ ಅರ್ಧದಷ್ಟು ಪಾಲು ಧರ್ಮಶಾಸ್ತ್ರದಲ್ಲೇ ಉಂಟು. ಮೆಹರುನ್‌ಳ ಮನೆಯಲ್ಲಿ ಆ ಮಾತನ್ನು ಯಾರೂ ಎತ್ತುವುದಿಲ್ಲ.

ಇಷ್ಟೆಲ್ಲ ಹೇಳಿದ್ದು ಗಂಭೀರ ಲೇಖಕಿಯರ ಬಗ್ಗೆ, ಲಕ್ಷಾಂತರ ಮಂದಿ ಓದಿದ ಜನಪ್ರಿಯ ಕಾದಂಬರಿಗಳಿಗೆ ಈ ಭಾರ ಹೊರಿಸಬಹುದೇ ಎಂಬ ಆಕ್ಷೇಪ ಸಹಜ. ಉಷಾ ನವರತ್ನರಾಂ, ಎಚ್.ಜಿ. ರಾಧಾದೇವಿ, ನೂರಕ್ಕೂ ಮಿಕ್ಕಿ ಕಾದಂಬರಿ ಬರೆದ ಸಾಯಿಸುತೆ, ಇವರ ಪುಸ್ತಕಗಳನ್ನು 'ಅಡುಗೆಮನೆ ಸಾಹಿತ್ಯ' ಎಂದು ಮೂಗು ಮುರಿದ ಪಂಡಿತರು ನಮ್ಮಲ್ಲಿ ಕಡಿಮೆಯಿಲ್ಲ. (ಅಡುಗೆಮನೆಯಲ್ಲಿ ತಯಾರಾದದ್ದನ್ನು ಮೂರು ಹೊತ್ತು ಉಣ್ಣುವುದಕ್ಕೆ ಅವರಿಗೆ ಅಭ್ಯಂತರವಿರಲಿಲ್ಲ.) ಈ ಬಗೆಯ ಕಾದಂಬರಿಗಳ ಒಂದು ಮಾದರಿ ಎಲ್ಲ ಓದುಗರಿಗೂ ಪರಿಚಿತ. ತಂದೆ ಇಲ್ಲದ ಅಥವಾ ಸೋದರಮಾವನ ಮನೆಯ ಹಂಗಿನಲ್ಲಿ ಬೆಳೆದ ಹುಡುಗಿ. ದೊಡ್ಡ ಬಂಗಲೆಯೊಂದರಲ್ಲಿ ಮಕ್ಕಳಿಗೆ ಪಾಠ ಹೇಳುವ ಅಥವಾ ರೋಗಿಯ ಶುಶ್ರೂಷೆ ಮಾಡುವ ಕೆಲಸ. ಮಾತು ಕಡಿಮೆ, ಸಿಟ್ಟು ಜಾಸ್ತಿ ಇರುವ ಸ್ಥಿತಿವಂತ. ಅಪಾರ್ಥ, ಕಣ್ಣೀರು, ಕೊನೆಗೆ ಮದುವೆ. ಇದು ಕನಸು ಮಾರುವ ವ್ಯಾಪಾರ, ಹೆಣ್ಣಿನ ಸಮಸ್ಯೆಗೆ ಶ್ರೀಮಂತ ಗಂಡನೇ ಪರಿಹಾರ ಎಂದು ನಂಬಿಸುವ ತಂತ್ರ ಎಂಬ ಟೀಕೆಯಲ್ಲಿ ಹುರುಳಿದೆ. ನಾನು ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಆ ಬಂಗಲೆ ಯಾಕೆ ಅಷ್ಟು ದೊಡ್ಡದಿರುತ್ತದೆ ಎಂದು ಟೀಕಾಕಾರರು ಕೇಳಿಕೊಂಡಂತಿಲ್ಲ. ಇಂಥ ಕಾದಂಬರಿಗಳಲ್ಲಿ ನಾಯಕನ ರೂಪವರ್ಣನೆಗೆ ನಾಲ್ಕು ಸಾಲು ಸಾಕಾದರೆ ಮನೆಯ ವರ್ಣನೆಗೆ ಪುಟ ಬೇಕು: ಮಹಡಿ ಮೆಟ್ಟಿಲು, ಹೂದೋಟ, ಪುಸ್ತಕದ ಕೋಣೆ, ಅವಳಿಗೆಂದೇ ಬಿಟ್ಟುಕೊಟ್ಟ ಕಿಟಕಿಯಿರುವ ರೂಮು. ಕಥೆಯ ಶಿಖರ ಎಷ್ಟೋ ಕಡೆ ಪ್ರೇಮನಿವೇದನೆಯಲ್ಲಿ ಇರುವುದಿಲ್ಲ. ಅತ್ತೆಯೋ ಅಜ್ಜಿಯೋ ತಮ್ಮ ಸೊಂಟದ ಬೀಗದಕೈ ಗೊಂಚಲು ತೆಗೆದು ಇವಳ ಕೈಗಿಡುವಲ್ಲಿ ಇರುತ್ತದೆ. ಹಂಗಿನ ಅನ್ನ ಉಂಡು ಬೆಳೆದ ಹುಡುಗಿಗೆ ಆ ಗೊಂಚಲಿನ ತೂಕ ಏನೆಂಬುದು ಓದುವವಳಿಗೆ ತಕ್ಷಣ ಅರ್ಥವಾಗುತ್ತಿತ್ತು. ಪರಿಹಾರ ಸುಳ್ಳಿರಬಹುದು, ಆದರೆ ಸಮಸ್ಯೆಯನ್ನು ಆ ಲೇಖಕಿಯರು ತಪ್ಪಾಗಿ ಗುರುತಿಸಿರಲಿಲ್ಲ. ಈಗ ಪ್ರತಿಲಿಪಿಯಂಥ ಮೊಬೈಲ್ ವೇದಿಕೆಗಳಲ್ಲಿ ಹೆಣ್ಣುಮಕ್ಕಳು ಕಂತುಕಂತಾಗಿ ಬರೆಯುವ ಕಥೆಗಳಲ್ಲಿ ಎಸ್ಟೇಟ್ ಮಾಲೀಕನ ಜಾಗಕ್ಕೆ ಕಂಪನಿಯ ಒಡೆಯ ಬಂದಿದ್ದಾನೆ. ಬಂಗಲೆ ಮಾತ್ರ ಹಾಗೆಯೇ ಇದೆ.

ಇನ್ನೊಂದು ಆಕ್ಷೇಪ ಇದಕ್ಕಿಂತ ಗಟ್ಟಿ. ಹೆಣ್ಣು ದುಡಿಯತೊಡಗಿದ ಮೇಲೆ ತವರಿನ ಮಾತೇಕೆ? ಸಂಬಳ ಕೈಯಲ್ಲಿದ್ದರೆ ಸೂರು ತಾನಾಗಿ ಸಿಗುವುದಿಲ್ಲವೇ? ಧಾರವಾಡದ ವೀಣಾ ಶಾಂತೇಶ್ವರ ಅವರು ಎಪ್ಪತ್ತರ ದಶಕದಲ್ಲಿ ಬರೆದದ್ದು ಈ ಸಂಬಳದ ಹೆಣ್ಣಿನ ಬಗ್ಗೆಯೇ. ಉಪನ್ಯಾಸಕಿಯರು, ಆಫೀಸಿಗೆ ಹೋಗುವವರು, ಮದುವೆಯನ್ನು ಮುಂದೂಡಿದವರು ಅಥವಾ ಬೇಡವೆಂದವರು ಅವರ ಕಥೆಗಳಲ್ಲಿ ಓಡಾಡುತ್ತಾರೆ. ಕೇಂದ್ರ ಸರ್ಕಾರ ದುಡಿಯುವ ಮಹಿಳೆಯರ ಹಾಸ್ಟೆಲುಗಳಿಗೆ ನೆರವು ಕೊಡುವ ಯೋಜನೆ ತಂದದ್ದೂ 1972–73ರಲ್ಲಿ. ತವರೂ ಅಲ್ಲದ, ಗಂಡನ ಮನೆಯೂ ಅಲ್ಲದ ಮೂರನೆಯ ವಿಳಾಸವೊಂದು ಹೆಣ್ಣಿಗೆ ದೊರಕತೊಡಗಿತ್ತು. ಆದರೆ ವೀಣಾ ಅವರ ನಾಯಕಿಯರು ನಿರಾಳವಾಗಿಲ್ಲ. ದುಡಿದ ದುಡ್ಡಿನ ಮೇಲೆ ಮನೆಯವರ ಕಣ್ಣು, ಒಂಟಿಯಾಗಿರುವವಳ ಮೇಲೆ ಊರಿನ ಕಣ್ಣು. ಉಷಾ ನವರತ್ನರಾಂ ಅವರ ಕಾದಂಬರಿ ಆಧರಿಸಿದ 1984ರ 'ಬಂಧನ'ವನ್ನು ನೆನೆಸಿಕೊಳ್ಳಿ. ನಂದಿನಿ ಡಾಕ್ಟರು. ಸಂಪಾದನೆಗೆ ಕೊರತೆಯಿಲ್ಲ, ಅವಳನ್ನು ಮನಸಾರೆ ಮೆಚ್ಚಿದ ಹರೀಶ್ ಅದೇ ಆಸ್ಪತ್ರೆಯಲ್ಲಿದ್ದಾನೆ. ಆದರೂ ಹಿಂಸಿಸುವ ಗಂಡನ ಮನೆಯನ್ನು ಅವಳು ಬಿಟ್ಟು ನಡೆಯುವುದಿಲ್ಲ. ಸಂಬಳದಿಂದ ಬಾಡಿಗೆ ಕಟ್ಟಬಹುದು. ಬಾಡಿಗೆಗೆ ಮನೆ ಕೇಳಲು ಹೋದಾಗ 'ಮನೆಯವರು ಏನು ಮಾಡ್ತಾರೆ?' ಎಂದು ಮಾಲೀಕರು ಕೇಳುವ ಮಾತಿಗೆ ಸಂಬಳದ ಚೀಟಿ ಉತ್ತರವಾಗುವುದಿಲ್ಲ. ಇಂದಿಗೂ ನಮ್ಮ ನಗರಗಳಲ್ಲಿ ವಿಚ್ಛೇದಿತೆಯೊಬ್ಬಳು ಮಗುವಿನೊಂದಿಗೆ ಮನೆ ಹುಡುಕಲು ಹೊರಟರೆ, ಜೊತೆಯಲ್ಲಿ ಅಪ್ಪನೋ ತಮ್ಮನೋ ಇದ್ದರೆ ಆಗುವ ಕೆಲಸ ಬೇರೆ, ಒಬ್ಬಳೇ ಹೋದರೆ ಆಗುವುದು ಬೇರೆ. ಸಂಬಳ ತವರಿನ ಅವಲಂಬನೆಯನ್ನು ಕಡಿಮೆ ಮಾಡಿದೆ, ತೆಗೆದುಹಾಕಿಲ್ಲ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆ ಸಂಸಾರ ಮಾಡಿದ ಮನೆಯಲ್ಲೇ ಉಳಿಯುವ ಹಕ್ಕನ್ನು ಹೆಣ್ಣಿಗೆ ಕೊಟ್ಟದ್ದು ಇದೇ ಕಾರಣಕ್ಕೆ. ಹೊಡೆಯುವವನಿಂದ ರಕ್ಷಣೆ ಕೊಟ್ಟು ಬೀದಿಗೆ ಬಿಟ್ಟರೆ ಉಪಯೋಗವಿಲ್ಲವೆಂದು ಕಾನೂನಿಗೆ ತಡವಾಗಿಯಾದರೂ ತಿಳಿಯಿತು.

ಇದೆಲ್ಲ ಮೇಲ್ಜಾತಿ, ಮಧ್ಯಮವರ್ಗದ ಮನೆಗಳ ಗೋಳು, ಮರುಮದುವೆಯೆಂಬುದು ಕರ್ನಾಟಕದ ಬಹುಪಾಲು ಸಮುದಾಯಗಳಲ್ಲಿ ಮೊದಲಿನಿಂದಲೂ ಇತ್ತು ಎಂದು ಹೇಳುವವರ ಮಾತಿನಲ್ಲೂ ಸತ್ಯವಿದೆ. ಉಡಿಕೆ, ಕೂಡಿಕೆ ಎಂಬ ಹೆಸರುಗಳಲ್ಲಿ ವಿಧವೆಯೋ ಗಂಡ ಬಿಟ್ಟವಳೋ ಮತ್ತೊಬ್ಬನೊಂದಿಗೆ ಸಂಸಾರ ಹೂಡುವ ಪದ್ಧತಿ ಹಲವು ಜಾತಿಗಳಲ್ಲಿ ಒಪ್ಪಿತವಾಗಿತ್ತು. ನಮ್ಮ ಕಾದಂಬರಿ ಪ್ರಪಂಚ ಬಹುಕಾಲ ಇದನ್ನು ಕಣ್ಣೆತ್ತಿಯೂ ನೋಡಲಿಲ್ಲವೆಂಬುದು ದೊಡ್ಡ ಕೊರತೆ. ಕಲಬುರಗಿಯ ಗೀತಾ ನಾಗಭೂಷಣ ಆ ಬಾಗಿಲು ತೆರೆದರು. 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ 'ಬದುಕು' ಕಾದಂಬರಿಯಲ್ಲಿ ಆ ಸೀಮೆಯ ಭಾಷೆಯಲ್ಲೇ ಬದುಕುವ, ಬೈಯುವ, ಕೂಲಿಗೆ ಹೋಗುವ ಹೆಂಗಸರಿದ್ದಾರೆ. ಅವರ ಬಳಿ ತ್ರಿವೇಣಿಯ ನಾಯಕಿಯರಿಗಿಲ್ಲದ ಧೈರ್ಯವಿದೆ, ದುಡಿಯುವ ರಟ್ಟೆ ಇದೆ. ಹಾಗೆಂದು ಅಲ್ಲಿ ಎಲ್ಲ ಸರಿಯಿತ್ತೆಂದು ಭಾವಿಸುವುದು ನಗರವಾಸಿಗಳ ಭ್ರಮೆ. ಉಡಿಕೆ ಅನೇಕ ಕಡೆ ವಾಲಗವಿಲ್ಲದೆ, ಚಪ್ಪರವಿಲ್ಲದೆ, ಹೊತ್ತು ಮುಳುಗಿದ ಮೇಲೆ ನಡೆಯುವ ಕಾರ್ಯ. ಉಡಿಕೆಯಾದವಳಿಗೆ ಶುಭಕಾರ್ಯಗಳಲ್ಲಿ ಮೊದಲ ಮದುವೆಯವಳ ಮಾನ ಸಿಗುತ್ತಿರಲಿಲ್ಲ. ಹೊಸ ಬದುಕಿಗೆ ಅನುಮತಿ ಇತ್ತು, ಸರಿಸಮನಾದ ಬದುಕಿಗಲ್ಲ. ತವರಿಗೆ ಸಾಕುವ ಶಕ್ತಿಯಿಲ್ಲದಾಗ ಹೆಣ್ಣಿಗೆ ಇನ್ನೊಂದು ಮನೆ ನೋಡುವುದು ಅನಿವಾರ್ಯವೂ ಆಗಿರುತ್ತಿತ್ತು. ಅಂದರೆ ಇಲ್ಲಿಯೂ ಪ್ರಶ್ನೆ ಸೂರಿನದೇ, ಮೇಲ್ಜಾತಿಯ ಕಥೆಗಿಂತ ಬೇರೆ ಕೊನೆಯಿಂದ ಎದುರಾಗುವಂಥದ್ದು.

ಇತ್ತೀಚಿನ ವರ್ಷಗಳಲ್ಲಿ ಈ ವಸ್ತು ಪುಸ್ತಕಕ್ಕಿಂತ ಹೆಚ್ಚಾಗಿ 'ಟಿವಿ'ಯಲ್ಲಿ ಕಾಣುತ್ತಿದೆ. ಜೀ ಕನ್ನಡದಲ್ಲಿ 2021ರ ಕೊನೆಗೆ ಶುರುವಾದ 'ಪುಟ್ಟಕ್ಕನ ಮಕ್ಕಳು' ಮೂರು ಹೆಣ್ಣುಮಕ್ಕಳನ್ನು ಹೆತ್ತಳೆಂದು ಗಂಡ ಕೈಬಿಟ್ಟ ಹೆಂಗಸೊಬ್ಬಳು ಮೆಸ್ ನಡೆಸಿ ಅವರನ್ನು ಬೆಳೆಸುವ ಕಥೆ. ಮರುವರ್ಷ ಬಂದ 'ಶ್ರೀರಸ್ತು ಶುಭಮಸ್ತು' ಧಾರಾವಾಹಿಯಲ್ಲಿ ಸುಧಾರಾಣಿ ನಟಿಸಿದ ತುಳಸಿ ಬೆಳೆದ ಮಗನಿರುವ ವಿಧವೆ. ಮಧ್ಯವಯಸ್ಸಿನಲ್ಲಿ ಅವಳಿಗೆ ಎರಡನೆಯ ಮದುವೆಯಾಗುತ್ತದೆ. ಸಂಜೆ ಊಟದ ಹೊತ್ತಿಗೆ ಅತ್ತೆ ಸೊಸೆ ಒಟ್ಟಿಗೆ ಕುಳಿತು ಇಂಥ ಕಥೆಯನ್ನು ನೋಡುತ್ತಾರೆಂಬುದು ಸಣ್ಣ ಸಂಗತಿಯಲ್ಲ. ನನಗೆ ಇಲ್ಲಿ ಕುತೂಹಲ ಹುಟ್ಟಿಸುವುದು ಒಂದು ಬದಲಾವಣೆ: ತುಳಸಿಯ ಬೆನ್ನಿಗೆ ನಿಲ್ಲುವವರು ಅವಳ ತವರಿನವರಲ್ಲ, ತೀರಿಕೊಂಡ ಗಂಡನ ತಂದೆ. ತವರು ಮಾಡಬೇಕಾದ ಕೆಲಸವನ್ನು ಕಥೆ ಮಾವನ ಕೈಗೆ ಒಪ್ಪಿಸಿದೆ. ಇದು ಸಮಾಜ ಬದಲಾದದ್ದರ ಗುರುತೋ, ತವರಿನ ಮೇಲೆ ಭರವಸೆ ಕಳೆದುಕೊಂಡದ್ದರ ಗುರುತೋ ಎಂದು ಕೇಳಿದರೆ ನಾನು ಎರಡನೆಯದನ್ನೇ ಹೇಳುತ್ತೇನೆ.

ಭರವಸೆ ಕಳೆದುಕೊಳ್ಳಲು ಕಾರಣವೂ ಇದೆ. ಪಿತ್ರಾರ್ಜಿತ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು ಎಂಬ ತಿದ್ದುಪಡಿಯನ್ನು ಕರ್ನಾಟಕ 1994ರಲ್ಲೇ ಜಾರಿಗೆ ತಂದಿತ್ತು, ಅದಕ್ಕೆ ಮೊದಲೇ ಮದುವೆಯಾದವರನ್ನು ಹೊರಗಿಟ್ಟು. 2005ರಲ್ಲಿ ಕೇಂದ್ರದ ತಿದ್ದುಪಡಿ ಆ ಭೇದವನ್ನೂ ತೆಗೆಯಿತು. 2020ರಲ್ಲಿ ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಈ ಹಕ್ಕು ಮಗಳಿಗೆ ಹುಟ್ಟಿನಿಂದಲೇ ಬರುವಂಥದ್ದು, 2005ರಲ್ಲಿ ತಂದೆ ಬದುಕಿದ್ದರೇ ಇಲ್ಲವೇ ಎಂಬುದು ಮುಖ್ಯವಲ್ಲ ಎಂದು ಹೇಳಿತು. ಕಾಗದದ ಮೇಲೆ ಈಗ ತವರು ಅವಳದ್ದೂ ಹೌದು. ಆದರೆ ಸಬ್ ರಿಜಿಸ್ಟ್ರಾರ್ ಕಚೇರಿಗಳಲ್ಲಿ ಅಕ್ಕತಂಗಿಯರು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟೊತ್ತಿ, ಒಂದು ಸೀರೆಯನ್ನೋ ಅರಿಶಿನ ಕುಂಕುಮದ ಲೆಕ್ಕಕ್ಕೆ ಒಂದಿಷ್ಟು ದುಡ್ಡನ್ನೋ ಪಡೆದು ಮನೆಗೆ ಹೋಗುವುದು ನಮಗೆಲ್ಲ ಗೊತ್ತಿರುವ ವಿಚಾರ. ಅವರನ್ನು ತಿಳಿವಳಿಕೆಯಿಲ್ಲದವರು ಎನ್ನುವುದು ಸುಲಭ. ಅವರ ಲೆಕ್ಕಾಚಾರ ಬೇರೆ. ಪಾಲು ಕೇಳಿದರೆ ಗೌರಿಹಬ್ಬಕ್ಕೆ ಕರೆ ನಿಲ್ಲುತ್ತದೆ, ಮಗಳ ಮದುವೆಗೆ ಸೋದರಮಾವ ಬರುವುದಿಲ್ಲ, ನಾಳೆ ಗಂಡ ಕೈಬಿಟ್ಟರೆ ಹೋಗಿ ನಿಲ್ಲಲು ಮೆಟ್ಟಿಲಿಲ್ಲ. ಹಕ್ಕನ್ನು ಬಿಟ್ಟುಕೊಟ್ಟು ಆಶ್ರಯವನ್ನು ಉಳಿಸಿಕೊಳ್ಳುತ್ತಾರೆ. ಆದರೆ ಮೆಹರುನ್‌ಳ ಅಣ್ಣಂದಿರಂಥವರು ಎದುರಾದ ದಿನ ಆ ಆಶ್ರಯವನ್ನು ಹಕ್ಕೆಂದು ಕೇಳಲು ಬರುವುದಿಲ್ಲ, ಅಂಗಲಾಚಬೇಕು.

ನಮ್ಮ ಮಹಿಳಾ ಕಥನ ವಿಧವೆಯ ಬಗ್ಗೆ ಬರೆದಿದೆ, ಗಂಡ ಬಿಟ್ಟವಳ ಬಗ್ಗೆ, ಎರಡನೆಯ ಪ್ರೀತಿಯ ಬಗ್ಗೆ ಬರೆದಿದೆ. ಪಾಲು ಕೇಳಿದ ಅಕ್ಕನ ಬಗ್ಗೆ ಬರೆದದ್ದು ಕಡಿಮೆಯೆಂದೇ ನನಗೆ ಅನ್ನಿಸುತ್ತದೆ. ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕದೆ ಎದ್ದು ಬಂದವಳ ಮುಂದಿನ ಹತ್ತು ವರ್ಷ ಹೇಗಿತ್ತು? ಅವಳು ಪಾಲಿನ ದುಡ್ಡಿನಲ್ಲಿ ಏನು ಕಟ್ಟಿಕೊಂಡಳು, ಯಾರನ್ನು ಕಳೆದುಕೊಂಡಳು, ಅವಳನ್ನು ಮೆಚ್ಚಿ ಬಂದವನು ಅವಳನ್ನು ಮೆಚ್ಚಿದನೋ ಸೈಟನ್ನು ಮೆಚ್ಚಿದನೋ? ಇಂಥ ಕಾದಂಬರಿ ಬರೆಯುವುದು ಕಷ್ಟ, ಏಕೆಂದರೆ ಅದರಲ್ಲಿ ಖಳನಾಯಕ ಸುಲಭಕ್ಕೆ ಸಿಗುವುದಿಲ್ಲ. ತಮ್ಮನ ತಲೆಯ ಮೇಲೆ ಬ್ಯಾಂಕಿನ ಸಾಲವಿದೆ, ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಂಡವನೂ ಅವನೇ. 'ಪಾಲು ಗೀಲು ಅಂತ ನೀವೂ ಶುರುಮಾಡಿದ್ರಾ ಅತ್ಗೆ?' ಎಂದು ಹುಬ್ಬು ಗಂಟಿಕ್ಕುವ ಅವನ ಹೆಂಡತಿ, ಹಿಂದಿನ ವರ್ಷವಷ್ಟೇ ತನ್ನ ತವರಿಗೆ ಹೋಗಿ, ತನ್ನ ತಮ್ಮಂದಿರ ಎದುರು, ಅಂಥದೇ ಪತ್ರಕ್ಕೆ ಸಹಿ ಹಾಕಿ ಬಂದವಳು.